ಕೊಚ್ಚಿಯ ಚಿತ್ರಶಾಲೆಗಳಲ್ಲಿ ನಾವು ಕಂಡದ್ದು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಭಾಷೆಯ ವಿಚಾರವನ್ನೂ ಶಾಲೆಯ ವಿಚಾರವನ್ನೂ ಯಕ್ಷಗಾನದ ವಿಚಾರವನ್ನೂ ತಾವು ಅನೇಕ ಬಾರಿ ಕೇಳಿದ್ದೀರಿ. ಇಂದು ಚಿತ್ರ ಶಿಲ್ಪಗಳ ವಿಚಾರವಾಗಿ ನಾಲ್ಕು ಮಾತು ಹೇಳಲು ತಮ್ಮ ಅಪ್ಪಣೆಯನ್ನು ಬೇಡುತ್ತೇವೆ. ಕೊಚ್ಚಿಯೆಂದರೆ ಕಾಸರಗೋಡಿನವರಾದ ನಮಗೆ ಬಹುಕಾಲ ಉಚ್ಚನ್ಯಾಯಾಲಯದ ಊರು. ಕಾಗದಪತ್ರಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ರಾತ್ರಿಯ ರೈಲಿನಲ್ಲಿ ಹೋಗುವುದು, ವಾಯಿದೆ ಬಿತ್ತೆಂದು ಕೇಳಿ ಮರುರಾತ್ರಿ ಹಿಂದಿರುಗುವುದು, ಇಷ್ಟೇ ನಮಗೂ ಆ ನಗರಕ್ಕೂ ಇದ್ದ ಸಂಬಂಧ. ದೇಶವಿದೇಶಗಳ ಪ್ರವಾಸಿಗರು ಅಲ್ಲಿಗೆ ಏತಕ್ಕೆ ಬರುತ್ತಾರೆಂಬುದನ್ನು ನಾವು ವಿಚಾರಿಸಿದವರಲ್ಲ.

2013ರ ಜನವರಿಯಲ್ಲಿ ಅಂತಹದೇ ಒಂದು ವ್ಯಾಜ್ಯದ ನಿಮಿತ್ತ ನಾವು ಐದು ಮಂದಿ ಹೋಗಿದ್ದೆವು. ಹತ್ತು ಗಂಟೆಗೇ ವಾಯಿದೆಯಾಯಿತು. ರೈಲಿಗೆ ಇಡೀ ಹಗಲು ಉಳಿದಿತ್ತು. ವಕೀಲರ ಗುಮಾಸ್ತರು, "ಆಚೆ ದಡದ ಫೋರ್ಟ್ ಕೊಚ್ಚಿಯಲ್ಲಿ ಬಿನಾಲೆ ನಡೆಯುತ್ತಿದೆ, ನೋಡಿಕೊಂಡು ಬನ್ನಿ" ಎಂದರು. ಬಿನಾಲೆ ಎಂಬುದು ಇಟಲಿಯ ಮಾತು. ಎರಡು ವರ್ಷಕ್ಕೊಮ್ಮೆ ನಡೆಯುವುದು ಎಂದು ಅದರ ಅರ್ಥ. ವೆನಿಸ್ ನಗರದಲ್ಲಿ 1895ರಲ್ಲಿ ಮೊದಲಾದ ಈ ಪದ್ಧತಿಯನ್ನು ಅನುಸರಿಸಿ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಎಂಬ ಕೇರಳದ ಇಬ್ಬರು ಕಲಾವಿದರು 2012ರ ಡಿಸೆಂಬರ್ 12ರಂದು ಕೊಚ್ಚಿ-ಮುಜಿರಿಸ್ ಬಿನಾಲೆಯನ್ನು ಆರಂಭಿಸಿದ್ದರು. ಹೊಸ ಭವನವೊಂದನ್ನು ಕಟ್ಟಿಸುವ ಗೋಜಿಗೆ ಅವರು ಹೋಗಿರಲಿಲ್ಲ. ಮೆಣಸು, ಶುಂಠಿ, ತೆಂಗಿನೆಣ್ಣೆಗಳ ವ್ಯಾಪಾರ ನಡೆಸುತ್ತಿದ್ದ ಆಂಗ್ಲ ವರ್ತಕರ ಆಸ್ಪಿನ್‌ವಾಲ್ ಭವನ, ನೀರಂಚಿನ ಪೆಪ್ಪರ್ ಹೌಸ್ ಮೊದಲಾದ ಹಳೆಯ ಉಗ್ರಾಣಗಳ ಬಾಗಿಲನ್ನು ತೆರೆದು, ಗೋಡೆಯ ಕಲೆಗಳನ್ನೂ ಹಾಗೆಯೇ ಬಿಟ್ಟು, ಕಲಾಕೃತಿಗಳನ್ನು ಇರಿಸಿದ್ದರು.

ಆಸ್ಪಿನ್‌ವಾಲ್ ಭವನದಲ್ಲಿ ನಾವು ಕಂಡ ನೋಟವೊಂದು ಇಂದಿಗೂ ಮನಸ್ಸಿನಿಂದ ಮಾಸಿಲ್ಲ. ಕರಿಯ ಒರಳುಕಲ್ಲುಗಳು, ಒಂದೆರಡಲ್ಲ, ನೂರಕ್ಕೂ ಹೆಚ್ಚು! ಭದ್ರಾವತಿಯಲ್ಲಿ ಜನಿಸಿ ಬೆಂಗಳೂರಿನಲ್ಲಿ ನೆಲೆಸಿದ ಶೀಲಾ ಗೌಡರೂ ಸ್ವಿಟ್ಜರ್ಲೆಂಡಿನ ಕ್ರಿಸ್ಟೋಫ್ ಸ್ಟೋರ್ಜ್ ಅವರೂ ಸೇರಿ ರಚಿಸಿದ ಕೃತಿ ಅದು. ವಿದ್ಯುತ್ತಿನ ಯಂತ್ರಗಳು ಅಡಿಗೆಮನೆಗೆ ಬಂದ ಮೇಲೆ ಬೆಂಗಳೂರಿನವರು ಬೀದಿಬದಿಗೆ ಬಿಟ್ಟ ಕಲ್ಲುಗಳನ್ನು ಕೊಚ್ಚಿಗೆ ಸಾಗಿಸಿ ತಂದಿದ್ದರು. ಇದೂ ಒಂದು ಕಲೆಯೇ ಎಂದು ನಮ್ಮಲ್ಲೊಬ್ಬರು ನಕ್ಕರು. ಆದರೆ ನಮ್ಮೊಡನಿದ್ದ ಹಿರಿಯ ತಾಯಿಯೊಬ್ಬರು ನಗಲಿಲ್ಲ. ಕಾವಲಿಗಿದ್ದ ಹುಡುಗನನ್ನು ಮಲಯಾಳದಲ್ಲಿ ಕೇಳಿಕೊಂಡು, ಕಲ್ಲಿನ ಬಳಿ ಕುಳಿತು, ಅದರ ಗುಳಿಯೊಳಗೆ ಕೈಯಿಟ್ಟರು. "ಇದು ಎರಡು ತಲೆಮಾರು ಕಡೆದ ಕಲ್ಲು, ಗುಳಿಯ ನಯವೇ ಹೇಳುತ್ತದೆ. ನಮ್ಮ ಅತ್ತೆಯವರ ಕಲ್ಲು ಹಿತ್ತಿಲ ಬಾಳೆಯ ಬುಡದಲ್ಲಿ ಬಿದ್ದಿದೆ" ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನಕ್ಕವರೂ ಸುಮ್ಮನಾದರು.

ಒಡೆಯಲು ಮನಸ್ಸು ಬಾರದೆ, ಇಟ್ಟುಕೊಳ್ಳಲು ಸ್ಥಳವಿಲ್ಲದೆ ಅಂಗಳದಾಚೆ ಇರಿಸಿದ ವಸ್ತುಗಳು ನಮ್ಮಲ್ಲಿ ಎಷ್ಟಿಲ್ಲ! ಗಡಿನಾಡಿನ ಕನ್ನಡವೂ ಕೆಲವು ಮನೆಗಳಲ್ಲಿ ಆ ಗತಿಗೆ ಬರುತ್ತಿದೆಯಲ್ಲವೇ ಎಂಬ ಶಂಕೆ ಅಂದು ನಮ್ಮನ್ನು ಕಾಡಿತು. ಹೊಸ ಕಲೆಯು ನಮಗೆ ತಿಳಿಯುವಂತಹದಲ್ಲ ಎಂದು ದೂರವಿದ್ದ ನಮ್ಮನ್ನು ಕಲಿಸಿದ್ದು ಆ ಕಲ್ಲೇ. ಅದೇ ವರ್ಷ ವಿವಾನ್ ಸುಂದರಂ ಅವರು ಪ್ರಾಚೀನ ಬಂದರಿನ ನೆಲೆಯೆನ್ನಲಾದ ಪಟ್ಟಣಂ ಗ್ರಾಮದ ಉತ್ಖನನದಲ್ಲಿ ದೊರೆತ ಮಡಕೆಚೂರುಗಳಿಂದ ಒಂದು ನಗರವನ್ನೇ ಹರಡಿದ್ದರು. 2016ರ ಮೂರನೆಯ ಬಿನಾಲೆಯ ನಿರ್ದೇಶನದ ಹೊಣೆಯನ್ನು ಹೊತ್ತವರು ಮಂಗಳೂರಿನಲ್ಲಿ ಜನಿಸಿದ ಸುದರ್ಶನ ಶೆಟ್ಟಿಯವರು. ಆಗ ಚಿಲಿ ದೇಶದ ಕವಿ ರಾವುಲ್ ಸುರೀತಾ ಒಂದು ಉಗ್ರಾಣದ ತುಂಬ ಕಡಲನೀರನ್ನು ನಿಲ್ಲಿಸಿ, ನಿರಾಶ್ರಿತರಾಗಿ ಸಮುದ್ರದಲ್ಲಿ ಮುಳುಗಿದ ಮಗುವೊಂದರ ನೆನಪಿಗೆ ಅದನ್ನು ಅರ್ಪಿಸಿದ್ದರು. ಗೋಡೆಯ ಮೇಲಿನ ಸಾಲುಗಳನ್ನು ಓದಬೇಕಾದರೆ ಆ ನೀರಿನಲ್ಲಿ ನಡೆದೇ ಹೋಗಬೇಕಾಗಿತ್ತು.

ಬಿನಾಲೆಯೆಂಬುದು ಜಾತ್ರೆ. ಜಾತ್ರೆ ಮುಗಿದ ಮೇಲೆ ಊರು ಹೇಗಿರುತ್ತದೆಂಬುದನ್ನು ನೋಡಬೇಕೆಂದು 2024ರಲ್ಲಿ, ಮಳೆಗಾಲ ಕಳೆದ ಮೇಲೆ, ನಮ್ಮ ಶಾಲೆಯ ಹನ್ನೆರಡು ಮಕ್ಕಳನ್ನು ಕರೆದುಕೊಂಡು ಮತ್ತೆ ಹೋದೆವು. ಹೈಕೋರ್ಟಿನ ಜೆಟ್ಟಿಯಿಂದಲೇ ಈಗ ಜಲಮೆಟ್ರೋ ದೋಣಿ ಫೋರ್ಟ್ ಕೊಚ್ಚಿಗೆ ಹೋಗುತ್ತದೆ. ಕಾಗದದ ಕಟ್ಟಿಲ್ಲದೆ ಆ ಜೆಟ್ಟಿಯಲ್ಲಿ ನಿಂತದ್ದು ನಮಗೆ ಅದೇ ಮೊದಲು! ಮೊದಲಿಗೆ ಮಟ್ಟಾಂಚೇರಿಯ ಅರಮನೆ. ಪೋರ್ತುಗೀಸರು 1555ರಲ್ಲಿ ಕಟ್ಟಿಸಿಕೊಟ್ಟ ಅದರ ಗೋಡೆಗಳ ರಾಮಾಯಣ ಚಿತ್ರಗಳಲ್ಲಿ ಮಕ್ಕಳು ಯಕ್ಷಗಾನದ ಕಿರೀಟ ಭುಜಕೀರ್ತಿಗಳ ಬಂಧುಗಳನ್ನು ಗುರುತಿಸಿದರು. ಬಳಿಕ ಡಚ್ಚರ ಕಾಲದ ಡೇವಿಡ್ ಹಾಲ್, ಎರ್ನಾಕುಳದ ದರ್ಬಾರ್ ಹಾಲ್, ಕಾಫಿ ಕುಡಿಯುತ್ತ ಚಿತ್ರ ನೋಡಬಹುದಾದ ಬರ್ಗರ್ ಬೀದಿಯ ಕಾಶಿ ಮೊದಲಾದ ತಾಣಗಳನ್ನು ಸುತ್ತಿದೆವು. ಕೆಲವು ಕೃತಿಗಳು ಹಿಡಿಸಿದವು, ಕೆಲವು ಹಿಡಿಸಲಿಲ್ಲ. ಕೆಲವಂತೂ ಅರ್ಥವೇ ಆಗಲಿಲ್ಲ. ಅದರಲ್ಲಿ ನಾಚಿಕೆಪಡತಕ್ಕದ್ದೇನೂ ಇಲ್ಲ.

ಅಂದು ಸಂಜೆ ಮಟ್ಟಾಂಚೇರಿಯಲ್ಲಿ, ಹಳೆಯ ಮಳಿಗೆಯೊಂದರ ಮಹಡಿಯ ಮೇಲಿದ್ದ ತರುಣ ಕಲಾವಿದರೊಬ್ಬರ ಚಿತ್ರಾಗಾರಕ್ಕೆ ಹೋದೆವು. ಕೆಳಗಿನಿಂದ ಒಣಶುಂಠಿಯ ವಾಸನೆ, ಮೇಲೆ ಎಣ್ಣೆಬಣ್ಣದ ವಾಸನೆ. ಮರದ ಚೌಕಟ್ಟಿಗೆ ಬಟ್ಟೆಯನ್ನು ಬಿಗಿದು, ಬಿಳಿಯ ಲೇಪವನ್ನು ಬಳಿದು, ಒಣಗಿಸಿ, ತಿಕ್ಕಿ, ಮತ್ತೆ ಬಳಿದು ಸಿದ್ಧಪಡಿಸುವ ಕ್ರಮವನ್ನು ಅವರು ಮಕ್ಕಳಿಗೆ ತೋರಿಸಿದರು. ಒಂದು ಚಿತ್ರಕ್ಕೆ ಎರಡು ತಿಂಗಳು ಹಿಡಿಯುತ್ತದಂತೆ. ಹೊಟ್ಟೆಪಾಡಿಗೆ ಚಿತ್ರಕಲೆಯ ಪಾಠ ಹೇಳುತ್ತಾರಂತೆ. ಪ್ರವಾಸಿಗರ ತಂಗುಮನೆಗಳು ಹೆಚ್ಚಿದಂತೆ ಬಾಡಿಗೆ ಏರುತ್ತಿದೆ, ಎಷ್ಟು ದಿನ ಇಲ್ಲಿರುವೆನೋ ತಿಳಿಯದು ಎಂದರು. ಊರಿಗೆ ಹೆಸರು ತಂದ ಕಲೆಯೇ ಕಲಾವಿದನ ಬಾಡಿಗೆಯನ್ನೂ ಏರಿಸಬಹುದೆಂಬುದು ಯೋಚಿಸತಕ್ಕ ವಿಷಯ. ಏಳನೆಯ ತರಗತಿಯ ಹುಡುಗಿಯೊಬ್ಬಳು, "ಚಿತ್ರ ಮುಗಿಯಿತೆಂದು ತಮಗೆ ಹೇಗೆ ತಿಳಿಯುತ್ತದೆ?" ಎಂದು ಕೇಳಿದಳು. "ಇನ್ನೊಂದು ಗೆರೆ ಎಳೆದರೆ ಕೆಟ್ಟೀತು ಎಂದು ಹೆದರಿಕೆಯಾದಾಗ" ಎಂದು ಅವರು ಉತ್ತರಿಸಿದರು.

ಹೊರಡುವಾಗ, ಬಂದವರೆಲ್ಲರೂ ಹೆಸರು ಬರೆಯುವ ಗೋಡೆಯೊಂದನ್ನು ತೋರಿಸಿ ಆಕೆಯ ಕೈಗೆ ಇದ್ದಿಲನ್ನು ಕೊಟ್ಟರು. ಹುಡುಗಿ ಇದ್ದಿಲನ್ನು ಹಿಡಿದು, ಯಾವ ಅಕ್ಷರದಲ್ಲಿ ಬರೆಯಲಿ ಎಂಬಂತೆ ನಮ್ಮ ಮುಖವನ್ನು ನೋಡಿದಳು. ಮಹನೀಯರೇ, ಆ ಒಂದು ನೋಟವೇ ಇಂದಿನ ಈ ಭಾಷಣಕ್ಕೆ ಕಾರಣ. ತನ್ನ ಹೆಸರನ್ನು ತನ್ನ ಅಕ್ಷರದಲ್ಲಿ ಬರೆಯುವುದಕ್ಕೆ ನಮ್ಮ ಮಗುವಿಗೆ ಅಪ್ಪಣೆ ಬೇಕೆನಿಸಿತು. ಬೇಡವೆಂದವರು ಅಲ್ಲಿ ಯಾರೂ ಇರಲಿಲ್ಲ. ಆ ಸಂಕೋಚವನ್ನು ಅವಳು ಮನೆಯಿಂದಲೇ ಹೊತ್ತು ತಂದಿದ್ದಳು. ನಾವು ಏನನ್ನೂ ಹೇಳುವ ಮೊದಲೇ ಆ ಕಲಾವಿದರು, "ನಿನಗೆ ಯಾವುದು ಸರಾಗವೋ ಅದರಲ್ಲಿ ಬರೆ" ಎಂದರು. ಅವಳು ದೊಡ್ಡದಾಗಿ ಕನ್ನಡದಲ್ಲಿ ಬರೆದಳು. ಉಳಿದ ಹನ್ನೊಂದು ಮಕ್ಕಳೂ ಹಾಗೆಯೇ ಬರೆದರು.

ಶಾಲೆಗಳಲ್ಲಿ ಅಧ್ಯಾಪಕರೇ ಸಾಲದಿರುವಾಗ ಚಿತ್ರಗಳ ಚಿಂತೆ ಏಕೆಂದು ಹಿರಿಯರು ಕೇಳಬಹುದು. ಆ ಪ್ರಶ್ನೆ ನ್ಯಾಯವಾದದ್ದೇ. 1956ರ ನವೆಂಬರ್ 1ರಂದು ಈ ನೆಲ ಕೇರಳಕ್ಕೆ ಸೇರಿದಂದಿನಿಂದ ನಾವು ಮನವಿಗಳನ್ನು ಬರೆಯುತ್ತಲೇ ಬಂದಿದ್ದೇವೆ, ಇನ್ನೂ ಬರೆಯಬೇಕಾಗಿದೆ. ಆದರೆ ಮನವಿಯು ನಮ್ಮ ಕೊರತೆಯನ್ನು ಮಾತ್ರ ಹೇಳಬಲ್ಲುದು. ನಮ್ಮಲ್ಲಿ ಇರುವುದನ್ನು ಹೇಳಲು ಬೇರೊಂದು ಬಾಯಿ ಬೇಕು. ಆ ಒರಳುಕಲ್ಲುಗಳು ಯಾವ ಮನವಿಯೂ ಇಲ್ಲದೆ ಕನ್ನಡನಾಡಿನ ಅಡಿಗೆಮನೆಯನ್ನು ಕೊಚ್ಚಿಯ ಜನರ ಮುಂದೆ ನಿಲ್ಲಿಸಿದವು.

ಆದುದರಿಂದ ನಮ್ಮದೊಂದು ವಿಜ್ಞಾಪನೆ. ನಮ್ಮ ಸಂಘದ ಕಟ್ಟಡದಲ್ಲಿ ಹಳೆಯ ಕುರ್ಚಿಗಳನ್ನು ತುಂಬಿಟ್ಟ ಹಿಂದಿನ ಕೋಣೆಯೊಂದಿದೆ. ಅದನ್ನು ತೆರವು ಮಾಡಿ, ಸುಣ್ಣ ಬಳಿದು, ವರ್ಷಕ್ಕೆ ಎಂಟು ದಿನ ನಮ್ಮ ಮಕ್ಕಳ ಚಿತ್ರಗಳಿಗೂ ಮನೆಮನೆಯ ಹಿತ್ತಿಲಲ್ಲಿ ಬಿದ್ದಿರುವ ಕಲ್ಲು, ಕೊಳಗ, ಪಾತ್ರೆಗಳಿಗೂ ಬಿಟ್ಟುಕೊಡೋಣ. ಪ್ರತಿಯೊಂದರ ಕೆಳಗೂ ಅದರ ಹೆಸರನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಬರೆಯೋಣ, ನೆರೆಯವರನ್ನು ಕರೆಯೋಣ. ಕೊಚ್ಚಿಯಲ್ಲಿ 2014ರಿಂದ ಕಲಾಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ಪ್ರತ್ಯೇಕ ಬಿನಾಲೆ ನಡೆದು ಬಂದಿದೆ. ನಮ್ಮ ಮಕ್ಕಳಲ್ಲಿ ಒಬ್ಬರಾದರೂ ಮುಂದೆ ಅಲ್ಲಿಗೆ ಹೋಗಲಿ. ಹೋದಾಗ ತನ್ನ ಹೆಸರನ್ನು ಬರೆಯಲು ಯಾರ ಮುಖವನ್ನೂ ನೋಡದಿರಲಿ.

ಕಳೆದ ತಿಂಗಳು ಆ ಹಿರಿಯ ತಾಯಿಯವರ ಮನೆಗೆ ಹೋಗಿದ್ದೆವು. ಬಾಳೆಯ ಬುಡದ ಕಲ್ಲು ಈಗ ಚಾವಡಿಯ ಮೂಲೆಗೆ ಬಂದಿದೆ. ಕೋಣೆ ಸಿದ್ಧವಾದೊಡನೆ ಕಳುಹಿಸಿಕೊಡುವೆನೆಂದು ಅವರು ಮಾತು ಕೊಟ್ಟಿದ್ದಾರೆ. ಕೋಣೆಯನ್ನು ಸಿದ್ಧಪಡಿಸುವುದು ನಮ್ಮ ನಿಮ್ಮೆಲ್ಲರ ಹೊಣೆ.