ಗುಡ್ಡದ ದನ, ಅರಮನೆಯ ಕಾವಲು



ಆಲೂರನ್ನು ದಾಟಿ ಸಕಲೇಶಪುರದ ಗುಡ್ಡಗಳನ್ನೇರುವವರಿಗೆ ಬಯಲುಸೀಮೆಯ ಎತ್ತರದ ದನಗಳು ಹಿಂದಾಗಿ, ಮಲೆನಾಡ ಗಿಡ್ಡಗಳು ಎದುರಾಗುತ್ತವೆ. ಆಳಿನ ಎದೆಯೆತ್ತರಕ್ಕೂ ಬಾರದ ಈ ದನವು ಬೆಳಗ್ಗೆ ಕೊಟ್ಟಿಗೆಯನ್ನು ಬಿಟ್ಟು, ಗುಡ್ಡದ ಹುಲ್ಲನ್ನೂ ಕಾಡಿನ ಚಿಗುರನ್ನೂ ಮೇದು, ಸಂಜೆಗೆ ತಾನಾಗಿಯೇ ಮನೆಗೆ ಮರಳುವುದು. ಇದರ ಹಾಲು ಅಲ್ಪ; ಜಡಿಮಳೆಯನ್ನು ತಾಳುವ ಶಕ್ತಿ ಅಪಾರ. ಸೊಪ್ಪು ಹಾಸಿದ ಕೊಟ್ಟಿಗೆಯಲ್ಲಿ ಇದು ಕೊಟ್ಟ ಗೊಬ್ಬರವೇ ಬಹುಕಾಲ ಮಲೆನಾಡಿನ ಗದ್ದೆಗೆ ಜೀವವಾಗಿದ್ದಿತು.

ಈ ದನದ ಚರಿತ್ರೆಯನ್ನು ಬರೆದಿಟ್ಟವರು ವಿರಳ. ಬಯಲಿನ ಅಮೃತಮಹಲ್ ದನಕ್ಕಾದರೋ ಅರಮನೆಯ ದಫ್ತರವೇ ಇದ್ದಿತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನಿಸಿಕೊಂಡಿದ್ದ ಈ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿತ್ತವನು ಟೀಪೂ ಸುಲ್ತಾನ. ಹೈದರನ ಕಾಲದಿಂದಲೂ ಫಿರಂಗಿಗಳನ್ನೆಳೆದು ದೂರದ ದಂಡಯಾತ್ರೆಗಳನ್ನು ನಡೆಸಿಕೊಟ್ಟವು ಈ ಎತ್ತುಗಳೇ. ಇವುಗಳ ಮೇವಿಗೆಂದು ಹಾಸನ, ಕಡೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಕಾವಲುಗಳನ್ನು ಮೀಸಲಿಟ್ಟಿದ್ದರು. ಬೇಸಗೆಯ ಕಾವಲು ಬೇರೆ, ಮಳೆಗಾಲದ್ದು ಬೇರೆ, ಚಳಿಗಾಲದ್ದು ಬೇರೆ. ಒಂದೆಡೆ ಹಿಂಡು ಮೇಯುತ್ತಿರಲು ಮತ್ತೊಂದೆಡೆ ಹುಲ್ಲು ಚೇತರಿಸಿಕೊಳ್ಳುತ್ತಿದ್ದಿತು. ಈ ಏರ್ಪಾಡಿನ ಮರ್ಮವೇ ಇದು.

1860ರಲ್ಲಿ ಮದರಾಸಿನ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್ನನು ಖರ್ಚುಳಿಸುವ ನೆಪದಿಂದ ಇಲಾಖೆಯನ್ನೇ ಎತ್ತಿಸಿ ಹಿಂಡುಗಳನ್ನು ಮಾರಿಸಿದನು. ಒಳ್ಳೆಯ ಎತ್ತುಗಳು ದೊರೆಯದಾದುವು. 1866ರಲ್ಲಿ ಅದನ್ನು ಮರಳಿ ಕಟ್ಟಬೇಕಾಯಿತು. 1882ರಲ್ಲಿ ಮೈಸೂರು ಸರ್ಕಾರವು ಹಿಂಡನ್ನು ಕೊಂಡುಕೊಂಡಿತು. ಅಜ್ಜಂಪುರದಲ್ಲಿ ಆ ತಳಿಯನ್ನು ಇಂದಿಗೂ ಸಾಕುತ್ತಿದ್ದಾರೆ. ಆದರೆ ಕಾವಲುಗಳ ಬಹುಭಾಗವು ಬೇರೆ ಬೇರೆ ಕಾರ್ಯಗಳಿಗೆ ಹಂಚಿಹೋಗಿದೆ. ದನವನ್ನು ಮಾರಿದರೆ ಮರಳಿ ಕೂಡಿಸಬಹುದು. ಹುಲ್ಲುಗಾವಲನ್ನು ಕಳೆದುಕೊಂಡರೆ ಕೂಡಿಸುವುದು ಸುಲಭವಲ್ಲ.

ಗುಡ್ಡದ ದನದ ಕಥೆಯೂ ಇದೇ. ಅರಸರ ಕಾವಲಿಲ್ಲದ ಗಿಡ್ಡಕ್ಕೆ ಊರೊಟ್ಟಿನ ಗೋಮಾಳವೇ ಕಾವಲು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ ಮಂಜರಾಬಾದಿನ ಇಳಿಜಾರುಗಳಲ್ಲಿ ಕಾಫಿಯ ತೋಟಗಳು ಹಬ್ಬಿದುವು. ಅವು ನಾಡಿಗೆ ಸಂಪತ್ತನ್ನು ತಂದುವು, ನಿಜ; ಆದರೆ ತೋಟಕ್ಕೆ ಬೇಲಿ ಬಿದ್ದ ಕಡೆ ದನದ ದಾರಿಯು ಮುಚ್ಚಿತು. ಮೇಯಲು ನೆಲವಿಲ್ಲದ ಮೇಲೆ ದನವನ್ನು ಕಟ್ಟಿ ಸಾಕಬೇಕು. ಕಟ್ಟಿ ಸಾಕುವವನು ಹೆಚ್ಚು ಹಾಲಿನ ದನವನ್ನೇ ಬಯಸುವನು. ಅದು ಅವನ ತಪ್ಪಲ್ಲ.

ಆದುದರಿಂದ ಗಿಡ್ಡ ದನದ ಗುಣವನ್ನು ಹೊಗಳಿದರಷ್ಟೇ ಸಾಲದು. ಊರಿಗೆ ಉಳಿದಿರುವ ಗೋಮಾಳವನ್ನು ಅಳೆದು, ಗಡಿಕಲ್ಲು ನೆಟ್ಟು, ಕಾವಲಿನ ಹಳೆಯ ಕ್ರಮದಂತೆ ಸರದಿಯಿಂದ ಮೇಯಿಸಿದರೆ ಹುಲ್ಲೂ ಉಳಿದೀತು, ದನವೂ ಉಳಿದೀತು.