ದಡಾರ ಮತ್ತು ನೆರೆಮನೆಯ ಹಸುಳೆಯ ಹಕ್ಕು

(ಜುಮಾ ಖುತ್ಬಾದ ಸಾರಾಂಶ)

ಸಹೋದರರೇ, 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದದ್ದು ನಿಮಗೆ ನೆನಪಿರಬಹುದು. ಲಸಿಕೆ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಸುಳ್ಳು ಆಗ ವಾಟ್ಸಾಪ್‌ನಲ್ಲಿ ಮನೆಮನೆ ತಲುಪಿತ್ತು. ಕೆಲವು ಹೆತ್ತವರು ಶಾಲೆಯ ಚೀಟಿ ಹಿಡಿದು ಬಂದು, "ಉಸ್ತಾದ್, ಕೊಡಿಸಬಹುದಾ?" ಎಂದು ಕೇಳಿದ್ದರು. "ನಿಮ್ಮ ಇಷ್ಟ" ಎಂದು ನಾವು ಜಾರಿಕೊಂಡೆವು. ತಿಳಿಯದಿದ್ದರೆ ವೈದ್ಯರನ್ನು ಕೇಳಿ ಹೇಳಬೇಕಿತ್ತು. ಆ ತಪ್ಪನ್ನು ಇಂದು ಮಿಂಬರ್‌ನಿಂದಲೇ ಒಪ್ಪಿಕೊಳ್ಳುತ್ತೇವೆ.

ದಡಾರ, ಉರ್ದುವಿನಲ್ಲಿ ಖಸ್ರಾ, ಉಷ್ಣದಿಂದ ಬರುತ್ತದೆ, ಒಮ್ಮೆ ಬಂದು ಹೋಗಲಿ ಎನ್ನುವ ಹಿರಿಯರು ಈಗಲೂ ಇದ್ದಾರೆ. ಅದು ಉಷ್ಣವಲ್ಲ, ವೈರಸ್. ಮೊದಲು ಜ್ವರ, ಕೆಮ್ಮು, ನೆಗಡಿ, ಕೆಂಪಾದ ಕಣ್ಣು. ಮೂರು-ನಾಲ್ಕು ದಿನದ ಬಳಿಕ ಮುಖದಿಂದ ಶುರುವಾಗಿ ಮೈತುಂಬ ಕೆಂಪು ದದ್ದು. ದದ್ದು ಕಾಣುವ ನಾಲ್ಕು ದಿನ ಮೊದಲೇ ಮಗು ರೋಗ ಹರಡುತ್ತಿರುತ್ತದೆ. ಅದು ಕೆಮ್ಮಿದ ಕೋಣೆಯ ಗಾಳಿಯಲ್ಲಿ ವೈರಸ್ ಎರಡು ಗಂಟೆಯವರೆಗೂ ಉಳಿಯಬಲ್ಲದು. ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ, ನಿಜ. ಕೆಲವರಿಗೆ ನ್ಯುಮೋನಿಯಾ ಆಗುತ್ತದೆ, ಮೆದುಳಿಗೆ ಊತ ಬರುತ್ತದೆ, ಕಣ್ಣು ಹೋಗುತ್ತದೆ. 2022ರ ಕೊನೆಯಲ್ಲಿ ಮುಂಬೈಯ ಗೋವಂಡಿಯಲ್ಲಿ ಪುಟ್ಟ ಪುಟ್ಟ ಜನಾಝಗಳು ಹೊರಟವು. ಮಲಪ್ಪುರಂನಲ್ಲೂ ಅದೇ ವರ್ಷ ರೋಗ ಹರಡಿತು.

ತವಕ್ಕುಲ್ ಸಾಲದೇ ಎಂದು ಕೇಳುವವರಿಗೆ ಒಂಟೆಯನ್ನು ಕಟ್ಟಿದ ಮೇಲೆ ಭರವಸೆಯಿಡಲು ಪ್ರವಾದಿ(ಸ) ಕಲಿಸಿದ್ದು ಗೊತ್ತೇ ಇದೆ. ಸಿಡುಬು ಬೇರೆ, ದಡಾರ ಬೇರೆ ಎಂದು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಗ್ರಂಥ ಬರೆದು ವಿವರಿಸಿದವರು ವೈದ್ಯ ಅಬೂಬಕರ್ ಅಲ್ ರಾಝಿ. ಇದು ನಮಗೆ ಹೊರಗಿನ ವಿದ್ಯೆಯಲ್ಲ.

ನಾವು ಮುಖ್ಯವಾಗಿ ಹೇಳಬೇಕಾದದ್ದು ನೆರೆಯವರ ಹಕ್ಕಿನ ಬಗ್ಗೆ. ಮೊದಲ ಡೋಸ್ ಕೊಡುವುದು ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಅದಕ್ಕಿಂತ ಚಿಕ್ಕ ಹಸುಳೆಗೆ ಲಸಿಕೆಯಿಲ್ಲ. ಸುತ್ತಲಿನ ಮಕ್ಕಳಿಗೆ ಲಸಿಕೆಯಾಗಿರುವುದೇ ಅದಕ್ಕಿರುವ ಕಾವಲು. ನಿಮ್ಮ ಮಗು ಮದ್ರಸಾದಿಂದ ತಂದ ದಡಾರ ಪಕ್ಕದ ಮನೆಯ ತೊಟ್ಟಿಲನ್ನು ಮುಟ್ಟಿದರೆ ಆ ಉಮ್ಮನಿಗೆ ಏನು ಹೇಳುತ್ತೀರಿ? ಅನಾರೋಗ್ಯದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿ ತರಬಾರದೆಂದು ಪ್ರವಾದಿ(ಸ) ತಡೆದಿದ್ದಾರೆ. ಆದ್ದರಿಂದ ಜ್ವರ, ದದ್ದು ಕಂಡ ಮಗುವನ್ನು ಮದ್ರಸಾಕ್ಕೆ ಕಳಿಸಬೇಡಿ, ನಾವು ಹಾಜರಿ ಕೇಳುವುದಿಲ್ಲ. ಆಸ್ಪತ್ರೆಗೆ ತೋರಿಸಿ. ವೈದ್ಯರು ವಿಟಮಿನ್ ಎ ಕೊಟ್ಟರೆ ತಪ್ಪದೆ ಕುಡಿಸಿ.

ಡೋಸ್ ತಪ್ಪಿದ್ದರೂ ಐದು ವರ್ಷದವರೆಗೆ ಸರಕಾರಿ ಕೇಂದ್ರದಲ್ಲಿ ಉಚಿತವಾಗಿ ಹಾಕುತ್ತಾರೆ. ಖುತ್ಬಾ ಬೀಳುವುದು ಗಂಡಸರ ಕಿವಿಗೆ, ತಾಯಿ ಕಾರ್ಡ್ ಇರುವುದು ಹೆಂಗಸರ ಕಪಾಟಿನಲ್ಲಿ. ಊಟಕ್ಕೆ ಕೂರುವ ಮೊದಲು ಅದನ್ನು ತರಿಸಿ ನೋಡಿ. ಎರಡು ಡೋಸ್‌ನ ಗುರುತು ಇಲ್ಲದಿದ್ದರೆ ಇವತ್ತೇ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ.