ಕಾಡಿನ ಲೆಕ್ಕ ಯಾರ ಕೈಯಲ್ಲಿ?

(ನರೋಣಾದ ಸಭೆಯಲ್ಲಿ ಮಾಡಿದ ಭಾಷಣ)



ತೊಗರಿಯ ಹೊಲಗಳ ನಡುವೆ ನಿಂತು ಕಾಡಿನ ಮಾತನ್ನಾಡಿದರೆ ಕೆಲವರಿಗೆ ನಗು ಬಂದೀತು. ನಮ್ಮ ಜಿಲ್ಲೆಯಲ್ಲಿ ಕಾಡೆಂದರೆ ಬಹುಪಾಲು ಚಿಂಚೋಳಿಯದೇ. ಆದರೆ ಆಳಂದ ಸೀಮೆಯ ಊರುಗಳಿಗೂ ಗಾಯರಾಣವಿದೆ, ಹಳ್ಳದ ದಂಡೆಯ ಜಾಲಿ ಬೇವುಗಳಿವೆ. ಬೇಳೆ ಮಿಲ್ಲಿಗೆ ದುಡಿಯಲು ಹೋಗುವವನ ಮನೆಯಲ್ಲಿಯೂ ಒಂದೆರಡು ಆಡುಗಳಿರುತ್ತವೆ, ಅವು ಮೇಯುವುದೆಲ್ಲಿ? ಹಳ್ಳಿಯವನ ಕೈ ಬರಿದಾದರೆ ಸಂತೆಯ ಸಣ್ಣ ವ್ಯಾಪಾರಿಯ ಗಲ್ಲೆಯೂ ಬರಿದು. ಆದುದರಿಂದ ಊರೊಟ್ಟಿನ ಆಸ್ತಿಯನ್ನು ಊರವರೇ ಕಾಯ್ದು ಉಳಿಸಿಕೊಂಡದ್ದು ಹೇಗೆಂಬುದನ್ನು ನಾವು ತಿಳಿಯಬೇಕು.

ಉತ್ತರ ಕನ್ನಡದ ಕುಮಟಾ ತಾಲ್ಲೂಕಿನಲ್ಲಿ ಹಳಕಾರ ಎಂಬ ಊರಿದೆ. ಆ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದಾಗ, 1921ರಲ್ಲಿ, ಕಾಲಿನ್ಸ್ ಎಂಬ ಬ್ರಿಟಿಷ್ ಅಧಿಕಾರಿ ಕರಾವಳಿಯ ಕಾಡುಗಳ ಬಗ್ಗೆ ವರದಿ ಬರೆದು, ಊರ ಪಕ್ಕದ ಕಾಡನ್ನು ಊರ ಪಂಚಾಯತಿಗೇ ಒಪ್ಪಿಸಬೇಕೆಂದು ಸೂಚಿಸಿದನು. ದೊರೆಗಳಿಗೆ ಜನರ ಮೇಲೆ ಒಮ್ಮೆಲೇ ಕರುಣೆ ಉಕ್ಕಿತೆಂದು ನಾವು ನಂಬುವುದಿಲ್ಲ. ಸೊಪ್ಪು ಸೌದೆಗೆ ತಡೆ ಹಾಕಿ ಹಾಕಿ ಜನರ ಸಿಟ್ಟು ಏರಿತ್ತು. ಅದೇನೇ ಇರಲಿ, ಆ ದಶಕದಲ್ಲಿ ಅಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ಪಂಚರನ್ನು ಆರಿಸುವವರು ಊರವರು. ಕಾವಲುಗಾರನಿಗೆ ಸಂಬಳ ಊರ ಹಣದಿಂದ. ತರಗೆಲೆ, ಒಣ ಸೌದೆ ತರುವುದಕ್ಕೆ ಊರದೇ ಕಟ್ಟಳೆ, ಮುರಿದವನಿಗೆ ದಂಡ. 1979ರಲ್ಲಿ ಕರ್ನಾಟಕ ಸರಕಾರ ಈ ಪಂಚಾಯತಿಗಳನ್ನು ರದ್ದು ಮಾಡಿತು. ಹಳಕಾರದವರು ಸುಮ್ಮನಿರಲಿಲ್ಲ, ಕೋರ್ಟಿಗೆ ಹೋಗಿ ತಮ್ಮ ಪಂಚಾಯತಿಯನ್ನು ಉಳಿಸಿಕೊಂಡರು.

ನೀವು ಸಂಘ ಕಟ್ಟಿದವರು, ನಿಮಗೆ ಇದರ ಗುಟ್ಟು ಬಿಡಿಸಿ ಹೇಳಬೇಕಿಲ್ಲ. ವರ್ಗಣಿ ಕೊಟ್ಟವನು ಲೆಕ್ಕ ಕೇಳುತ್ತಾನೆ. ಲೆಕ್ಕ ಕೇಳುವ ಅಧಿಕಾರವಿದ್ದವನು ಕಾವಲನ್ನೂ ಕಾಯುತ್ತಾನೆ.

1993ರಲ್ಲಿ ಸರಕಾರ ಜಂಟಿ ಅರಣ್ಯ ಯೋಜನೆಯ ಆಜ್ಞೆ ಹೊರಡಿಸಿ ಗ್ರಾಮ ಅರಣ್ಯ ಸಮಿತಿಗಳನ್ನು ಮಾಡಿಸಿತು. ಅಧ್ಯಕ್ಷ ಊರವನು, ಆದರೆ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರ್. ದಫ್ತರು ಅವನ ಬಳಿ, ಹಣ ಬಂದದ್ದು ಹೊರಗಿನ ಸಾಲ ಮತ್ತು ನೆರವಿನಿಂದ. ನೆರವು ನಿಂತ ಮೇಲೆ ಎಷ್ಟೋ ಸಮಿತಿಗಳು ಕಾಗದದ ಮೇಲೆ ಉಳಿದವು. ಮಾಲೀಕನ ಗುಮಾಸ್ತನೇ ಸಂಘದ ಕಾರ್ಯದರ್ಶಿಯಾದರೆ ಆ ಸಂಘ ಎಷ್ಟು ದಿನ ನಡೆದೀತು?

ಊರನ್ನು ಕೇಳದೆಯೇ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಹಾನಗಲ್ಲ ತಾಲ್ಲೂಕಿನ ಕುಸನೂರನ್ನು ನೆನೆಯಿರಿ. 1984ರಲ್ಲಿ ಸರಕಾರವೂ ಹರಿಹರ ಪಾಲಿಫೈಬರ್ಸ್ ಕಾರಖಾನೆಯೂ ಕೂಡಿ ಕರ್ನಾಟಕ ಪಲ್ಪ್‌ವುಡ್ ಕಂಪನಿ ಕಟ್ಟಿದವು. ಜನ ದನ ಮೇಯಿಸುತ್ತಿದ್ದ ಸುಮಾರು 75,000 ಎಕರೆಯಲ್ಲಿ ನೀಲಗಿರಿ ಹಾಕುವ ಹವಣಿಕೆ. 1987ರ ನವೆಂಬರ್ 14ರಂದು ಜನ ಕುಸನೂರಿನಲ್ಲಿ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹವೆಂದು ಅದಕ್ಕೆ ಹೆಸರು. 1991ರಲ್ಲಿ ಕಂಪನಿ ಮುಚ್ಚಿತು.

2006ರ ಅರಣ್ಯ ಹಕ್ಕು ಕಾಯಿದೆ ಕಾಡನ್ನು ಕಾಯುವ ಹಕ್ಕನ್ನು ಗ್ರಾಮಸಭೆಗೆ ಕೊಟ್ಟಿದೆ. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಾಮೂಹಿಕ ಹಕ್ಕಿನ ಪತ್ರ ಪಡೆದರು. ನಮ್ಮ ಗಾಯರಾಣಕ್ಕೆ ಆ ಕಾಯಿದೆ ನೇರವಾಗಿ ಬರುವುದಿಲ್ಲ, ಅದು ಕಂದಾಯದ ಭೂಮಿ. ಆದರೆ 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಊರೊಟ್ಟಿನ ಭೂಮಿಯ ಒತ್ತುವರಿ ತೆರವು ಮಾಡಬೇಕೆಂದು ಎಲ್ಲ ರಾಜ್ಯಗಳಿಗೆ ಆಜ್ಞೆ ಮಾಡಿತು. ಇಲ್ಲಿ ನಾವು ಎಚ್ಚರವಾಗಿರಬೇಕು. ತೆರವು ಎಂದೊಡನೆ ಅಧಿಕಾರಿ ಮೊದಲು ಕೀಳುವುದು ಭೂಹೀನನ ಗುಡಿಸಲನ್ನು. ಹತ್ತೆಕರೆ ನುಂಗಿದ ಪುಢಾರಿಯ ಬೇಲಿ ಅವನ ಕಣ್ಣಿಗೆ ಬೀಳುವುದಿಲ್ಲ. ಅದೇ ತೀರ್ಪು ಭೂಹೀನರಿಗೆ ಸರಕಾರ ಕೊಟ್ಟ ಹಿಡುವಳಿಗೆ ವಿನಾಯಿತಿ ಇಟ್ಟಿದೆಯೆಂಬುದನ್ನು ತಹಶೀಲ್ದಾರರಿಗೆ ನೆನಪಿಸುವವರು ನಾವೇ.

ಬರುವ ಗ್ರಾಮಸಭೆಗೆ ಗಾಯರಾಣದ ಪಹಣಿ, ನಕಾಶೆ ಎರಡನ್ನೂ ತರಿಸಿ ಎಲ್ಲರೆದುರು ಓದಿಸಬೇಕೆಂದು ಅರ್ಜಿ ಬರೆದಿದ್ದೇವೆ. ಓದು ಬಾರದವರಿಗೆ ಓದಿ ಹೇಳುತ್ತೇವೆ. ಸಹಿ, ಹೆಬ್ಬೆಟ್ಟು ಹಾಕುವವರು ಸಭೆ ಮುಗಿದ ಮೇಲೆ ಇಲ್ಲಿಯೇ ನಿಲ್ಲಿರಿ.